ಹೋಗ್ತೀನಿ ಮೇಷ್ಟ್ರು

ಸಿಟ್ಟು ಬಂದರೆ ಕೆಲವರು ಪಾತ್ರೆ ಎಸೀತಾರೆ, ಕೆಲವರು ಊಟ ಬಿಡ್ತಾರೆ. ನಮ್ಮ ವಿಜ್ಞಾನದ ಮೇಷ್ಟ್ರದು ಅಂಥ ನಷ್ಟದ ಸಿಟ್ಟಲ್ಲ. ಅವರು “ನಾನು ಹೋಗ್ತೀನಿ” ಅಂತ ಎದ್ದು ನಿಲ್ಲುತ್ತಿದ್ದರು, ಅಷ್ಟೇ. ಎಲ್ಲಿಗೆ ಅಂತ ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಉಪ್ಪು ಹೆಚ್ಚಾದರೂ ಹೋಗ್ತೀನಿ, ಶಾಲೆಯಲ್ಲಿ ಲ್ಯಾಬಿನ ಬೀಗದಕೈ ಸಿಗದಿದ್ದರೂ ಹೋಗ್ತೀನಿ. ಆಗ ಹೆಂಡತಿ ಒಳಗಿನಿಂದಲೇ “ಎಲ್ಲಿಗೂ ಬೇಡ, ಬನ್ನಿ, ಕೈ ತೊಳ್ಕೊಳ್ಳಿ” ಅನ್ನಬೇಕು. ಶಾಲೆಯಲ್ಲಾದರೆ ಯಾರಾದರೂ ಒಬ್ಬರು “ನೀವು ಹೋದ್ರೆ ಮಕ್ಕಳ ಗತಿ ಏನು ಸಾರ್?” ಅನ್ನಬೇಕು. ಅಷ್ಟಾದರೆ ಬಿರುಗಾಳಿ ನಿಂತಿತು. ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಹೋಗ್ತೀನಿ ಮೇಷ್ಟ್ರು ಅಂತಲೇ.

ಹೀಗಿರುವಾಗ ಹೆಡ್‌ಮಾಸ್ಟರ ಕುರ್ಚಿ ಖಾಲಿಯಾಯಿತು. ಅದು ತಮ್ಮದೇ ಅಂತ ಮೇಷ್ಟ್ರು ಹೊಸ ಕೋಟು ಹೊಲಿಸಿಕೊಂಡರು. ಕುರ್ಚಿ ಸಿಕ್ಕಿದ್ದು ಡ್ರಾಯಿಂಗ್ ಮೇಷ್ಟ್ರಿಗೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು, ಮಾವಿನಹಣ್ಣು ಬರೆದರೆ ಕುಂಬಳಕಾಯಿ ಕಾಣುತ್ತಿತ್ತು! ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು. ನೋಟಿಸ್ ಬೋರ್ಡಿನಲ್ಲಿ ಹಿಮದ ಬೆಟ್ಟಗಳಾಚೆಯ ಶಾಲೆಯೊಂದಕ್ಕೆ ಶಿಕ್ಷಕರು ಬೇಕು ಅನ್ನುವ ಪ್ರಕಟಣೆ ಹಳದಿಯಾಗುವಷ್ಟು ಕಾಲದಿಂದ ತೂಗುತ್ತಿತ್ತು. ಅದನ್ನು ಕಿತ್ತುಕೊಂಡು ಹೋಗಿ ಅರ್ಜಿ ಗೀಚಿಯೇಬಿಟ್ಟರು.

ಅವರ ಲೆಕ್ಕಾಚಾರವೇನು ಸಣ್ಣದಲ್ಲ. ಇಲಾಖೆಯಲ್ಲಿ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮಳೆಗಾಲ ಮುಗಿಯುತ್ತೆ. ಅಷ್ಟರೊಳಗೆ ಡ್ರಾಯಿಂಗಿನವನು ಬಂದು ಕೈ ಹಿಡಿದುಕೊಳ್ಳುತ್ತಾನೆ, ಹೆಂಡತಿ ಕಣ್ಣೀರು ಹಾಕುತ್ತಾಳೆ, ತಾವು ದೊಡ್ಡ ಮನಸ್ಸು ಮಾಡಿ ಅರ್ಜಿ ವಾಪಸ್ಸು ತೆಗೆದುಕೊಳ್ಳುವುದು. ಆದರೆ ಇಲಾಖೆಗೆ ಅದೇನು ಚುರುಕು ಬಂತೋ, ವಾರದೊಳಗೆ ಆದೇಶ ಬಂದು ಕೂತಿತು.

ಹೊಸ ಹೆಡ್‌ಮಾಸ್ಟರು ಓಡಿಬಂದು ಕೈ ಹಿಡಿದುಕೊಂಡದ್ದು ನಿಜ. “ಎಂಥ ತ್ಯಾಗ ಸಾರ್ ನಿಮ್ದು! ನಮ್ಮಂಥವರ ಕೈಲಾಗುತ್ತಾ?” ಅಂದರು. ಬೀಳ್ಕೊಡುಗೆಗೆ ಎಲ್ಲರೂ ಸೇರಿ ಕತ್ತೆ ಹೊರುವಷ್ಟು ಭಾರದ ಕಂಬಳಿ ಕೊಟ್ಟರು, ಒಬ್ಬೊಬ್ಬರೂ ಭಾಷಣ ಬಿಗಿದರು. ಮಕ್ಕಳ ಗತಿ ಏನು ಅಂತ ಮಾತ್ರ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ಪರವಾಗಿಲ್ಲ, ಮನೆಯಲ್ಲಿ ಹೆಂಡತಿ ಇದ್ದಾಳಲ್ಲ! ಆದೇಶವನ್ನು ಊಟದ ಮೇಜಿನ ಮೇಲಿಟ್ಟು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ನೋಡು, ಹಿಮದ ಸೀಮೆ. ರಸ್ತೆ ಮುಚ್ಚಿದ್ರೆ ತಿಂಗಳುಗಟ್ಟಲೆ ಸುದ್ದಿ ಇರಲ್ಲ. ನಾನು ಹೋಗ್ತೀನಿ.”

ಹೆಂಡತಿ ಓದಿದಳು, ಮಡಿಸಿದಳು. “ಆಯ್ತು. ಅಲ್ಲಿ ಚಳಿ ತುಂಬಾನೇ ಇರುತ್ತೇನ್ರೀ?” ಅಂದಳು. ಬೆಳಗಾದರೆ ಮನೆಗೆ ಹೆಣೆಯೋಕೆ ಚೀಲ ಚೀಲ ಉಲ್ಲನ್ ಬಂತು.

ಅಲ್ಲಿಂದ ಶುರುವಾಯಿತು ನೋಡಿ, ಮೇಷ್ಟ್ರ ಪಾಡು. ಮೊದಲು ಡಾಕ್ಟರ ಹತ್ತಿರ ಹೋದರು. ಮಂಡಿನೋವು, ಎದೆಯುರಿ, ತಲೆಸುತ್ತು, ನೆನಪಾದದ್ದನ್ನೆಲ್ಲ ಹೇಳಿದರು. ಡಾಕ್ಟರು ಎದೆಗೆ ಕೊಳವೆ ಇಟ್ಟು, ಬೆನ್ನು ತಟ್ಟಿ, “ಗುಂಡುಕಲ್ಲಿನ ಹಾಗಿದ್ದೀರಿ! ತಂಪು ಹವಾ ನಿಮಗೆ ಒಳ್ಳೇದೇ” ಅಂದುಬಿಟ್ಟರು. ರೋಗಿ ಬಯಸಿದ್ದೂ ವೈದ್ಯ ಹೇಳಿದ್ದೂ ಒಂದೇ ಆಗುವ ಭಾಗ್ಯ ಎಲ್ಲರಿಗೂ ಎಲ್ಲಿದೆ?

ಹೆಂಡತಿ ಮಾತ್ರ ಕೈಹಾಕಿದ ಕೆಲಸ ಅರ್ಧಕ್ಕೆ ಬಿಡುವವಳಲ್ಲ. ಸೆಕೆಗಾಲದ ಮಧ್ಯಾಹ್ನ ಎರಡು ಸ್ವೆಟರು, ಮೇಲೊಂದು ಕೋಟು, ಕಿವಿ ಮುಚ್ಚುವ ಟೋಪಿ ಹಾಕಿಸಿ ಹಜಾರದಲ್ಲಿ ನಡೆಸಿದಳು, ಭಾರ ರೂಢಿಯಾಗಲಿ ಅಂತ. ಕೈಗವಸು ತೊಡಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದಳು. ಸುಣ್ಣ ಪುಡಿಯಾಯಿತೇ ಹೊರತು ಒಂದು ಅಕ್ಷರ ನೆಟ್ಟಗೆ ಮೂಡಲಿಲ್ಲ. “ದಪ್ಪ ಸೀಮೆಸುಣ್ಣ ತಗೊಂಡ್ಹೋಗಿ” ಅಂದಳು. ಕೊನೆಗೆ ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜಿನ ಮ್ಯಾನೇಜರು ಮೇಷ್ಟ್ರ ಹಳೇ ಶಿಷ್ಯನೇ ಅಂತ ಪತ್ತೆ ಮಾಡಿ ಅಲ್ಲಿಗೂ ಕಳಿಸಿದಳು. ಮೇಷ್ಟ್ರು ಮೂಟೆಗಳ ನಡುವೆ ಸ್ಟೂಲು ಹಾಕಿಕೊಂಡು ಆಲೂಗಡ್ಡೆಗಳಿಗೆ ಬೆಳಕಿನ ಪಾಠ ಮಾಡಿದರು. ಹೊರಗೆ ಬಂದಾಗ ಹಲ್ಲಿಗೆ ಹಲ್ಲು ಕಟಕಟ ಅನ್ನುತ್ತಿತ್ತು. “ಹೇಗಿತ್ತು ಸಾರ್?” ಅಂದ ಶಿಷ್ಯ. “ಇ-ಇದೇನು ಚ-ಚಳಿನೇನೋ?” ಅಂದರು. ಮೀಸೆ ಮಣ್ಣಾದರೂ ಒಪ್ಪಿಕೊಳ್ಳುವ ಜಾತಿಯಲ್ಲ.

ಹೊರಡಲು ಕೆಲವೇ ದಿನ ಇರುವಾಗ ಆ ಹಿಮದ ಸೀಮೆಯ ಶಾಲೆಯ ಹೆಡ್‌ ಮೇಡಂ ಫೋನು ಮಾಡಿದರು. ಗಾಳಿಯ ಸದ್ದಿನ ನಡುವೆ ಮಾತು ಕಡಿದು ಕಡಿದು ಬರುತ್ತಿತ್ತು. “ಶಾಯಿ ಪೆನ್ನು ತರಬೇಡಿ, ಹೆಪ್ಪುಗಟ್ಟುತ್ತೆ. ಪೆನ್ಸಿಲ್ ತನ್ನಿ.” ಆಮೇಲೆ ಇನ್ನೊಂದು ಮಾತು ಸೇರಿಸಿದರು. “ನೀವು ಬರ್ತೀರಿ ಅಂತ ಮಕ್ಕಳಿಗೆ ಇನ್ನೂ ಹೇಳಿಲ್ಲ ಸಾರ್. ಹಿಂದೆ ಹೇಳಿದ್ದೆ, ಆ ಮೇಷ್ಟ್ರು ಬರಲಿಲ್ಲ. ಅದಕ್ಕೂ ಹಿಂದಿನವರೂ ಬರಲಿಲ್ಲ. ಮಕ್ಕಳು ರಸ್ತೆ ನೋಡ್ಕೊಂಡು ನಿಂತಿರ್ತಾರೆ, ನನಗೆ ನೋಡೋಕಾಗಲ್ಲ. ನೀವು ಬಂದಮೇಲೇ ಹೇಳ್ತೀನಿ.” ಮೇಷ್ಟ್ರು ಹ್ಞೂಂ ಅಂದು ಫೋನು ಇಟ್ಟರು. ಆ ಹೊತ್ತಿನಿಂದ ಬಿಸಿತುಪ್ಪ ಬಾಯಲ್ಲೇ ಉಳಿಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹೊರಡುವ ಬೆಳಿಗ್ಗೆ ಟ್ರಂಕು ಬಾಗಿಲ ಹತ್ತಿರ ಬಂದು ಕೂತಿತ್ತು. ಹೆಂಡತಿ ಅದರ ಮುಂದೆ ಮಂಡಿಯೂರಿ ಹಗ್ಗ ಬಿಗಿಯುತ್ತಿದ್ದಳು. ಅದೆಂಥ ಉತ್ಸಾಹ ಇವಳಿಗೆ! ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ಅಲ್ವೇ, ಇಷ್ಟು ವರ್ಷ ಸಂಸಾರ ಮಾಡಿದೀವಿ. ನಿಜವಾಗ್ಲೂ ಹೊರಟಾಗ ಒಂದ್ಸಲ, ಬಾಯಿಮಾತಿಗಾದ್ರೂ, ಬೇಡ ಅಂದ್ಯಾ?”

ಹಗ್ಗದ ಮೇಲಿನ ಕೈ ನಿಂತಿತು. ಅವಳು ತಲೆ ಎತ್ತಲಿಲ್ಲ. “ಅಂದಿದ್ದೆ. ಮದುವೆಯಾದ ಹೊಸದರಲ್ಲಿ ನಿಮಗೆ ದೂರದೂರಿನ ದೊಡ್ಡ ಕಾಲೇಜಲ್ಲಿ ಕೆಲಸ ಸಿಕ್ಕಿತ್ತಲ್ಲ, ಅವತ್ತು ಅಂದಿದ್ದೆ. ಇವತ್ತಿಗೂ ಮನೆಗೆ ಬಂದವರ ಮುಂದೆಲ್ಲ ಹೇಳ್ತೀರಿ, ‘ಇವಳು ತಡೀದಿದ್ರೆ ನಾನು ಎಲ್ಲೋ ಇರ್ತಿದ್ದೆ’ ಅಂತ. ನಾನು ಟೀ ತಟ್ಟೆ ಹಿಡ್ಕೊಂಡು ನಗ್ತಾ ನಿಂತಿರ್ತೀನಿ.”

“ಅದು... ಸುಮ್ನೆ ತಮಾಷೆಗೆ...”

“ಅವತ್ತು ನಾನು ಬೇಡ ಅಂದಾಗ ನಿಮ್ಮ ಮುಖ ಹೇಗಿತ್ತು ಗೊತ್ತಾ? ಬದುಕಿದೆಯಾ ಬಡಜೀವವೇ ಅನ್ನೋ ಹಾಗಿತ್ತು. ನೋಡಿದವಳು ನಾನೊಬ್ಬಳೇ. ಯಾರಿಗೂ ಹೇಳಲಿಲ್ಲ. ಎಲ್ಲರ ಕಣ್ಣಿಗೂ ನಾನೇ ಕೆಟ್ಟವಳಾದೆ. ಇನ್ನೊಂದ್ಸಲ ನನ್ನ ಕೈಲಾಗಲ್ಲ ಕಣ್ರೀ. ಈ ಸಲ ಬಾಯಿ ಬಿಡಬಾರದು ಅಂತ ಆಣೆ ಹಾಕ್ಕೊಂಡು ಕೂತಿದೀನಿ.”

ಮೇಷ್ಟ್ರು ಟ್ರಂಕಿನ ಮೇಲೇ ಕುಸಿದು ಕೂತರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳ ಬೆರಳುಗಳನ್ನು ನೋಡಿದರು. ಉಲ್ಲನ್ನಿನ ಕಡ್ಡಿ ಒತ್ತಿ ಒತ್ತಿ ತುದಿಗಳು ಕೆಂಪಾಗಿದ್ದವು.

“ನಂಗೆ ಹೆದರಿಕೆ ಕಣೇ” ಅಂದರು. ಹುಟ್ಟಿದಾಗಿನಿಂದ ಯಾರ ಮುಂದೆಯೂ ಆಡದ ಮಾತು ಅದು.

“ಗೊತ್ತು.”

ಹೊರಗೆ ಜೀಪಿನವನು ಹಾರ್ನ್ ಹೊಡೆದ. ಇಬ್ಬರೂ ಏಳಲಿಲ್ಲ. ಆತ ಮತ್ತೆ ಹೊಡೆದ. ಮೇಷ್ಟ್ರು ಮೆಲ್ಲಗೆ ಎದ್ದು ಕೋಟಿನ ಗುಂಡಿ ಹಾಕಿಕೊಂಡರು.

“ಇದು ನಾನೇ ಮಾಡ್ಕೊಂಡದ್ದು. ಸಿಟ್ಟಿಗೆ ಅರ್ಜಿ ಹಾಕಿದೆ, ಇನ್ನು ಆ ಶಾಲೆಯ ಮಕ್ಕಳಿಗೆ ಬರದೇ ಹೋದ ಇನ್ನೊಬ್ಬ ಮೇಷ್ಟ್ರಾಗೋಕೆ ನನ್ನ ಕೈಲಾಗಲ್ಲ. ನಾಳೆ ಏನೇ ಆದ್ರೂ ನೀನು ಕಳಿಸಿದೆ ಅಂತ ಹೇಳಲ್ಲ, ತಡೀಲಿಲ್ಲ ಅಂತಲೂ ಹೇಳಲ್ಲ. ಯಾರು ಕೇಳಿದ್ರೂ, ನಾನೇ ಹೋದೆ ಅಂತೀನಿ.”

ಅವಳು ಅವರ ಮುಖವನ್ನೇ ನೋಡಿದಳು, ಇದು ಮಾತಿನ ಭರಾಟೆಯೋ ನಿಜವೋ ಅಂತ. ನಿಜವೇ ಆಗಿತ್ತು. ಆಗ ನೋಡಿ, ಕಟ್ಟಿಕೊಂಡಿದ್ದ ಕಟ್ಟೆ ಒಡೆಯಿತು. ಅವರ ಕೋಟಿನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. “ಬೇಡ ಕಣ್ರೀ, ಹೋಗ್ಬೇಡಿ. ನೀವಿಲ್ಲದೆ ಈ ಮನೇಲಿ ಒಬ್ಬಳೇ ಹೇಗಿರ್ಲಿ?”

ಮೇಷ್ಟ್ರಿಗೆ ಉಳಿಯುವ ಆಸೆಯಾಯಿತು. ಹೆದರಿಕೆಗಲ್ಲ, ಹೆಡ್‌ಮಾಸ್ಟರ ಕುರ್ಚಿಗಲ್ಲ, ಅವಳಿಗೋಸ್ಕರ. ಸ್ವಲ್ಪ ಹೊತ್ತು ಅವಳ ತಲೆ ನೇವರಿಸುತ್ತ ನಿಂತಿದ್ದು, ಕೋಟಿನಿಂದ ಅವಳ ಬೆರಳುಗಳನ್ನು ಒಂದೊಂದಾಗಿ ತಾವೇ ಬಿಡಿಸಿ, ಟ್ರಂಕು ಎತ್ತಿಕೊಂಡರು.