ತಮ್ಮ ಬಿಟ್ಟುಹೋದ ಅಗಸೆ ಪುಡಿ

ನಮ್ಮ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಪಾಲಿಶ್ ಅಣ್ಣ ಅಂತಲೇ ಕರೆಯುತ್ತಿದ್ದರು. ಬಾಗಿಲು, ಮೇಜು, ಕುರ್ಚಿಗಳಿಗೆ ಮೂವತ್ತೊಂದು ವರ್ಷ ಮೆರುಗು ಕೊಟ್ಟ ಕೈ ಅದು. ನಾನು ಅಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ವಾರಕ್ಕೊಮ್ಮೆ ಬಂದು ಅಗಸೆ ಎಣ್ಣೆಯ ಡಬ್ಬ ಒಯ್ಯುತ್ತಿದ್ದರು. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಸಾಕು, ಎಣ್ಣೆ ಹೊಸದೋ ಹಳೆಯದೋ ಹೇಳಿಬಿಡುತ್ತಿದ್ದರು.

ಅವರ ತಮ್ಮ ಅಲ್ಲೇ ಬಡಗಿ. ಅಣ್ಣ ಮಾತಿನಲ್ಲಿ ಜಿಪುಣ, ತಮ್ಮ ಬಾಯಿಬಡುಕ. ತಮ್ಮ ಜೋಡಿಸಿದ್ದಕ್ಕೆ ಅಣ್ಣ ಎಣ್ಣೆ ತಿಕ್ಕುವುದು, ತಿಕ್ಕುತ್ತಾ ಅವನ ಮಾತಿಗೆ ಹೂಂಗುಟ್ಟುವುದು, ಹೀಗೇ ಇಬ್ಬರ ದಿನಗಳು ಸವೆದಿದ್ದವು. ಒಂದು ಮಂಗಳವಾರ ಬೆಳಿಗ್ಗೆ ಕಪಾಟಿನ ಬಾಗಿಲಿಗೆ ಕೀಲು ಕೂರಿಸುತ್ತಿದ್ದ ತಮ್ಮ ಸ್ಕ್ರೂಡ್ರೈವರನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ಅವನಿಗಿನ್ನೂ ನಲವತ್ತೇಳು.

ಪಾಲಿಶ್ ಅಣ್ಣ ಅಳಲಿಲ್ಲ. ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ಬಂದ ನೆಂಟರಿಗೆ ಕುರ್ಚಿ ಎಳೆದುಕೊಟ್ಟರು. ಆರನೇ ದಿನ ಕೆಲಸಕ್ಕೆ ಬಂದರು. ಆ ಕಪಾಟಿನ ಉಳಿದ ಕೀಲುಗಳನ್ನು ಬೇರೆ ಯಾರೋ ಕೂರಿಸಿ ಅವರ ಮುಂದೆ ತಂದಿಟ್ಟಾಗ ಎಲ್ಲದಕ್ಕೂ ಹಾಕುವಂತೆ ಅದಕ್ಕೂ ಮೂರು ಕೈ ಎಣ್ಣೆ ಹಾಕಿದರು. ನಾವೆಲ್ಲ ಕೆಲಸ ನಿಲ್ಲಿಸಿ ಅವರನ್ನೇ ನೋಡುತ್ತಿದ್ದೆವು. ಅದು ಅವರ ಗಮನಕ್ಕೇ ಬರಲಿಲ್ಲ.

ತಿಂಗಳ ನಂತರ ಕಾರ್ಖಾನೆಯವರು ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ಪಾಲಿಶ್ ಅಣ್ಣನ ಕೊಲೆಸ್ಟ್ರಾಲ್ ಸಿಕ್ಕಾಪಟ್ಟೆ ಏರಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಊಟದ ವಿಷಯ ತಿಳಿಸಿಕೊಡುವ ಮೇಡಂ ಹತ್ತಿರ ಕಳಿಸಿದರು. ಜೊತೆಗೆ ಅವರ ಹೆಂಡತಿಯೂ ಇದ್ದರು. ಮುಂದಿನದು ಬಹುಪಾಲು ನನಗೆ ಗೊತ್ತಾದದ್ದು ಆಕೆಯಿಂದಲೇ.

ಮೇಡಂ ಕರಿದದ್ದು ಬಿಡಿ, ನಡೆಯಿರಿ ಅಂದರು. ಕೊನೆಗೆ, ದಿನಕ್ಕೊಂದು ಚಮಚ ಅಗಸೆ ಪುಡಿ ತಿನ್ನಿ ಅಂದರು. ಅಷ್ಟು ಹೊತ್ತು ಗೋಡೆ ನೋಡುತ್ತಿದ್ದ ಪಾಲಿಶ್ ಅಣ್ಣ ಆಗ ಬಾಯಿಬಿಟ್ಟರು.

"ಅಗಸೆ ನಾವು ಬಾಗಿಲಿಗೆ ಹಚ್ತೀವಿ."

ಡಬ್ಬದ ಎಣ್ಣೆಗೆ ಏನೇನೋ ಬೆರೆಸಿರುತ್ತಾರೆ, ಅದನ್ನು ಬಾಯಿಗೆ ಹಾಕಲೇಬಾರದು ಎಂದು ಮೇಡಂ ಬಿಡಿಸಿ ಹೇಳಿದರು. ತಿನ್ನಬೇಕಾದದ್ದು ಬೀಜ. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಬೇಕು. ಪುಡಿ ಬೇಗ ಕೆಡುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಬೇಕು, ನೀರು ಚೆನ್ನಾಗಿ ಕುಡಿಯಬೇಕು. ಮಾತ್ರೆ ಮಾತ್ರ ಬಿಡುವ ಹಾಗಿಲ್ಲ. ಪಾಲಿಶ್ ಅಣ್ಣ ಎಲ್ಲದಕ್ಕೂ ತಲೆಯಾಡಿಸಿದರು.

ಸುದ್ದಿ ತಮ್ಮನ ಹೆಂಡತಿಯ ಕಿವಿಗೂ ಬಿತ್ತು. ಭಾನುವಾರ ಆಕೆ ಒಂದು ಗಾಜಿನ ಬಾಟಲಿ ಹಿಡಿದು ಬಂದರು. ಅದರಲ್ಲಿ ಮುಕ್ಕಾಲು ಭಾಗ ಕಂದು ಪುಡಿ.

"ಭಾವ, ಅವರಿಗೂ ಡಾಕ್ಟ್ರು ಇದನ್ನೇ ತಿನ್ನೋಕೆ ಹೇಳಿದ್ರು. ಮೇಜಿಗೆ ಹಚ್ಚೋದನ್ನ ಹೊಟ್ಟೆಗೆ ಹಾಕ್ಕೊಳ್ಳೋದಾ ಅಂತ ನಗಾಡಿ, ನಾಲ್ಕು ದಿನಕ್ಕೇ ಮೂಲೆಗಿಟ್ರು. ಬಿಸಾಕೋಕೆ ನಂಗೆ ಮನಸ್ಸು ಬರ್ತಿಲ್ಲ."

"ಯಾವಾಗ ಹೇಳಿದ್ರು ಡಾಕ್ಟ್ರು?"

"ಹೋದ ವರ್ಷ. ಎದೇಲಿ ಏನೋ ಇದೆ ಅಂದಿದ್ರು."

"ನಂಗೆ ಹೇಳ್ಲಿಲ್ಲ ಅವನು."

"ಅಣ್ಣಂಗೆ ಹೇಳ್ಬೇಡ ಅಂದಿದ್ರು, ಭಾವ. ಸುಮ್ನೆ ಗಾಬರಿ ಬೀಳ್ತಾನೆ ಅಂತ."

ಪಾಲಿಶ್ ಅಣ್ಣ ಬಾಟಲಿ ತೆಗೆದುಕೊಂಡು ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಆಕೆಗೆ ಕಾಫಿ ಕೊಡು ಎಂದು ಹೆಂಡತಿಗೆ ಹೇಳಿ, ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿದರು. ಅದು ಅವರು ಎಂದೂ ಮಾಡಿದ ಕೆಲಸವಲ್ಲ.

ಮರುದಿನದಿಂದ ಬೆಳಿಗ್ಗೆ ಒಂದು ಚಮಚ ಪುಡಿಯನ್ನು ಮೊಸರಿಗೆ ಕಲಸಿ ತಿನ್ನತೊಡಗಿದರು. ಅದಕ್ಕೆ ಹೆಂಡತಿಯನ್ನು ಕರೆಯುತ್ತಿರಲಿಲ್ಲ. ತಾವೇ ಕಲಸಿ, ತಾವೇ ಬಟ್ಟಲು ತೊಳೆದಿಟ್ಟು ಹೊರಡುತ್ತಿದ್ದರು. ಒಂದು ವಾರ ಕಳೆಯಿತು. ಹೊಟ್ಟೆ ಕೆಟ್ಟಿತು. ಅದನ್ನೂ ಯಾರಿಗೂ ಹೇಳಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಏಳುವುದನ್ನು ಕಂಡು ಹೆಂಡತಿಗೆ ಅನುಮಾನ ಬಂತು. ಹನ್ನೊಂದನೇ ದಿನ ಆಕೆ ಬಾಟಲಿಯ ಮುಚ್ಚಳ ತೆಗೆದರು. ಹೊಸದಾಗಿ ಬಣ್ಣ ಬಳಿದ ಕೋಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

"ರೀ, ಇದು ಕೆಟ್ಟುಹೋಗಿದೆ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ. ವಾಸನೆ ಬಂತು."

ಆಕೆ ಬಾಟಲಿ ಹಿಡಿದುಕೊಂಡೇ ನಿಂತರು. ಬೈಯಬೇಕು ಅನ್ನಿಸಿತಂತೆ. ಆದರೆ ಯಾಕೆ ತಿಂದಿರಿ ಎಂದಷ್ಟೇ ಕೇಳಿದರು.

"ರುಚಿ ಏನೂ ಗೊತ್ತಾಗ್ತಿರ್ಲಿಲ್ಲ ಕಣೇ. ಎಲ್ಲಾ ಒಂದೇ ಥರ ಇತ್ತು. ಖಾಲಿ ಆದ್ರೆ ಸಾಕು ಅನ್ನಿಸ್ತು."

ಹೆಂಡತಿ ಪುಡಿಯನ್ನು ಕಾಗದದಲ್ಲಿ ಕಟ್ಟಿ ಕಸಕ್ಕೆ ಹಾಕಿದರು. ಬಾಟಲಿಯನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದರು. ಅದನ್ನು ಹಿಂದಿರುಗಿಸಲು ತಾವೇ ತಮ್ಮನ ಮನೆಗೆ ನಡೆದು ಹೋದರು. ಖಾಲಿ ಬಾಟಲಿ ನೋಡಿ, ಭಾವ ತಿಂದರಾ ಎಂದು ತಮ್ಮನ ಹೆಂಡತಿ ಕೇಳಿದ್ದಕ್ಕೆ ಇವರು ತಿಂದರು ಅಂದರಂತೆ. ಸುಳ್ಳೇನೂ ಅಲ್ಲವಲ್ಲ.

ಅಂದಿನಿಂದ ಹೆಂಡತಿ ವಾರಕ್ಕಾಗುವಷ್ಟು ಬೀಜ ಮಾತ್ರ ತಂದು, ಹುರಿದು, ಪುಡಿ ಮಾಡಿ, ಫ್ರಿಜ್ಜಿನಲ್ಲಿ ಇಡತೊಡಗಿದರು. ಕಲಸಿದ ಬಟ್ಟಲಿನ ಪಕ್ಕ ದೊಡ್ಡ ಲೋಟದ ತುಂಬ ನೀರಿಟ್ಟು, ಅದು ಖಾಲಿಯಾಗುವ ತನಕ ಎದುರಿಗೇ ಕೂರುತ್ತಿದ್ದರು. ಪಾಲಿಶ್ ಅಣ್ಣ ತಿನ್ನುತ್ತಿದ್ದರು, ಕುಡಿಯುತ್ತಿದ್ದರು, ಮಾತ್ರೆ ನುಂಗುತ್ತಿದ್ದರು, ಕೆಲಸಕ್ಕೆ ಬರುತ್ತಿದ್ದರು. ಚೆನ್ನಾಗಿದ್ದೀರಾ ಅಂದರೆ ಚೆನ್ನಾಗಿದ್ದೀನಿ ಅನ್ನುತ್ತಿದ್ದರು. ತಮ್ಮನ ಬೆಂಚಿಗೆ ಹೊಸ ಬಡಗಿ ಬಂದ. ಅವನು ಕೆಲಸ ಮಾಡುವಾಗ ಮಾತಾಡುವವನಲ್ಲ. ಆ ಮೂಲೆಯಲ್ಲಿ ಮರ ಉಜ್ಜುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಐದು ತಿಂಗಳಿಗೆ ಮತ್ತೆ ರಕ್ತ ಕೊಟ್ಟರು. ಕೊಲೆಸ್ಟ್ರಾಲ್ ಇಳಿದಿತ್ತು. ಮಾತ್ರೆಯೂ ಪಥ್ಯವೂ ಎರಡೂ ಸೇರಿ ಕೆಲಸ ಮಾಡಿವೆ ಎಂದು ಡಾಕ್ಟರು ಖುಷಿಪಟ್ಟರು. ಪಾಲಿಶ್ ಅಣ್ಣ ತಾವೂ ಖುಷಿಪಡಬೇಕೇನೋ ಎಂಬಂತೆ ಸ್ವಲ್ಪ ಹೊತ್ತು ಕಾದು, ಏನೂ ಆಗದಿದ್ದಾಗ ವರದಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಇದನ್ನು ಅವರೇ ಉಗ್ರಾಣದ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು. "ಏನೂ ಅನ್ನಿಸ್ಲಿಲ್ಲ ನೋಡಿ" ಅಂದು, ಡಬ್ಬ ಎತ್ತಿಕೊಂಡು ಹೋದರು.

ಅದಾದ ಎರಡು ವಾರಕ್ಕೋ ಮೂರು ವಾರಕ್ಕೋ, ಒಂದು ಬೆಳಿಗ್ಗೆ ಮೊದಲ ತುತ್ತು ಬಾಯಿಗಿಟ್ಟವರು ಚಮಚ ಕೆಳಗಿಟ್ಟರಂತೆ.

"ಇವತ್ತು ಪುಡಿ ಸ್ವಲ್ಪ ಸೀದಿದೆ ಕಣೇ."

ತಮ್ಮ ಹೋದ ಮೇಲೆ, ತಿಂದದ್ದು ಹೀಗಿದೆ ಎಂದು ಅವರು ಆಡಿದ ಮೊದಲ ಮಾತು ಅದು. ಹೆಂಡತಿ ಆ ಬಟ್ಟಲು ತೆಗೆದುಕೊಂಡು ಒಳಗೆ ಹೋದರು. ಒಲೆ ಹಚ್ಚಿ, ಉರಿ ಪೂರ್ತಿ ಸಣ್ಣ ಮಾಡಿ, ಹೊಸದಾಗಿ ಒಂದು ಹಿಡಿ ಬೀಜ ಹುರಿಯಲು ಹಾಕಿದರು. ಪಾಲಿಶ್ ಅಣ್ಣ ಅವತ್ತು ಕೆಲಸಕ್ಕೆ ಇಪ್ಪತ್ತು ನಿಮಿಷ ತಡವಾಗಿ ಬಂದರು.