ಗೈಡ್ ಸಾಹೇಬರು ಬರೆದ ನನ್ನ ಬೆಳವಣಿಗೆ

ನನ್ನ ಪಿಎಚ್‌ಡಿ ಗೈಡ್ ಎಂಬ ಮಹಾನುಭಾವರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕೊಳ್ಳೇಗಾಲದ ಹೊರಗೆ, ಯಳಂದೂರಿನ ದಾರಿಯಲ್ಲಿದ್ದ ನಮ್ಮ ಕೇಂದ್ರದಲ್ಲಿ ನಾನು ರೇಷ್ಮೆಹುಳಕ್ಕೆ ಬರುವ ಹಾಲುತೊಂಡೆ ಎಂಬ ವೈರಸ್ ರೋಗದ ಮೇಲೆ ಸಂಶೋಧನೆ ಮಾಡಬೇಕಿತ್ತು. ಮಾಡಿದ್ದು ಹುಳ ಸಾಕಣೆ. 'ನೀನು ಬಂಡಳ್ಳಿ ಕಡೆಯವಳು, ರೇಷ್ಮೆ ಮನೆಯವಳು, ನಿನ್ನ ಕೈಗುಣ ಯಾರಿಗೂ ಬರಲ್ಲ' ಎಂದು ಹೊಗಳಿ ಹೊಗಳಿಯೇ ನನ್ನನ್ನು ಹುಳಮನೆಗೆ ಕಟ್ಟಿಹಾಕಿದ್ದರು. ಸೊಪ್ಪು ಹಾಕು, ಕಸ ತೆಗೆ, ಸುಣ್ಣ ಉದುರಿಸು. ನಾನು ಸಾಕಿದ ಹುಳದ ಮೇಲೆ ಪ್ರಯೋಗ ಮಾಡಿ ಹೆಸರು ಮಾಡುತ್ತಿದ್ದವರು ಬೇರೆಯವರು.

ಆ ವರ್ಷ ಮೇಲಿನಿಂದ ಆದೇಶ ಬಂತು: ಪ್ರತಿ ವಿದ್ಯಾರ್ಥಿಗೂ ವೈಯಕ್ತಿಕ ಬೆಳವಣಿಗೆಯ ಯೋಜನೆ ಇರಬೇಕು. ಏನು ಕಲಿಯಬೇಕು, ಮುಂದೆ ಏನಾಗಬೇಕು ಅಂತ ವಿದ್ಯಾರ್ಥಿಯೇ ಬರೆಯಬೇಕು, ಗೈಡ್ ಸಹಿ ಹಾಕಬೇಕು. ಮೈಸೂರಿನ ಲ್ಯಾಬಿನಲ್ಲಿ ವೈರಸ್ಸಿನ ಡಿಎನ್‌ಎ ಪತ್ತೆಹಚ್ಚುವ ತರಬೇತಿ ಬೇಕು ಎಂದು ಬರೆದೆ. ಅದಿಲ್ಲದೆ ನನ್ನ ಪಿಎಚ್‌ಡಿ ಈ ಜನ್ಮದಲ್ಲಿ ಮುಗಿಯುತ್ತಿರಲಿಲ್ಲ. ಅವರು ಅದನ್ನು ಹೊಡೆದುಹಾಕಿ, ತಮ್ಮ ಕೈಯಾರೆ ಬರೆದರು: 'ಹುಳ ಸಾಕಣೆಯಲ್ಲಿ ಪರಿಣತಿ.' ಅಲ್ಲ ಸ್ವಾಮಿ, ಅದು ನನಗೆ ಲಂಗ ಹಾಕುವ ವಯಸ್ಸಿನಲ್ಲೇ ಬರುತ್ತಿತ್ತು! ಸಭೆಯಲ್ಲಿ ಮಾತ್ರ 'ವಿದ್ಯಾರ್ಥಿಗಳು ಬೆಳೆಯಬೇಕು' ಅಂತ ಗಂಟೆಗಟ್ಟಲೆ ಭಾಷಣ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ನಾನು ಒಪ್ಪಲಿಲ್ಲ. ಅವರು ಸೀದಾ ಅಪ್ಪನಿಗೆ ಫೋನ್ ಮಾಡಿ, 'ಮಗಳು ಹಟ ಮಾಡ್ತಿದ್ದಾಳೆ, ಬಂದು ಬುದ್ಧಿ ಹೇಳಿ' ಎಂದರು. ಇಷ್ಟು ವಯಸ್ಸಾದ ಹೆಂಗಸಿನ ಮೇಲೆ ಮನೆಗೆ ಚಾಡಿ! ಅಪ್ಪ ಮಾರನೇ ದಿನವೇ ಹನೂರಿನಲ್ಲಿ ಬಸ್ಸು ಹತ್ತಿ ಬಂದ. ಅವನಿಗೆ ಮೇಷ್ಟ್ರೆಂದರೆ ದೇವರು. ಅವರ ಕೋಣೆಗೆ ಬಂದವನೇ ನನ್ನನ್ನು ಗದರಿದ.

'ಸಾಹೇಬ್ರು ಹೇಳ್ದಂಗೆ ಕೇಳಮ್ಮಿ. ಅವ್ಳು ನಿಮ್ ಮಗ್ಳಿದ್ದಂಗೆ ಸಾ.'

'ಇದ್ದ ಹಾಗೇನು, ಮಗಳೇ' ಎಂದರು ಗೈಡ್.

ಸಿಟ್ಟಿಗೆ ನನಗೆ ಅಳು ಬಂತು. ಅಪ್ಪನಿಗೋ ಖುಷಿ. ಮಾತು ಬೆಳೆಸಲೆಂದು ಕೇಳಿದ:

'ನಿಮ್ ಮಗ್ಳು ಏನೋದ್ತಾವ್ಳೆ ಸಾ?'

'ಅವಳೂ ಪಿಎಚ್‌ಡಿನೇ. ಬೆಂಗಳೂರಲ್ಲಿ ದೊಡ್ಡ ಲ್ಯಾಬು. ಡಿಎನ್‌ಎ ಕೆಲಸ.'

'ಅಲ್ಲಿ ಅವ್ಳೂ ಉಳ ಮೇಯಿಸ್ತಾಳಾ ಸಾ?'

ಅಪ್ಪ ಕುಹಕಕ್ಕೆ ಕೇಳಿದ್ದಲ್ಲ. ಯಾವಾಗ ಬಂದರೂ ನಾನು ಹುಳಮನೆಯಲ್ಲೇ ಇರುತ್ತಿದ್ದೆನಲ್ಲ, ಪಿಎಚ್‌ಡಿ ಎಂದರೆ ಎಲ್ಲರೂ ಅದನ್ನೇ ಮಾಡುತ್ತಾರೆಂದು ನಂಬಿಬಿಟ್ಟಿದ್ದ.

ಗೈಡ್ ಮುಖ ಸಿಂಡರಿಸಿದರು. 'ಛೆ ಛೆ, ಅವಳ್ಯಾಕೆ ಹುಳ ಮುಟ್ತಾಳೆ? ಅವಳ ವಿಷಯ ಬೇರೆ ಬಿಡಿ.'

ಅಪ್ಪ ಅವರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಆಮೇಲೆ ಎದ್ದು ನಿಂತ.

'ಏಳಮ್ಮಿ. ಇಲ್ಲಿ ಬ್ಯಾರೆ ಸಾಹೇಬ್ರು ಯಾರಾದ್ರೂ ಅವ್ರಾ?' ಎಂದು ಅವರೆದುರೇ ಕೇಳಿದ.

ಇನ್ನೊಬ್ಬ ಗೈಡ್ ಇದ್ದರು, ಎರಡು ಬಾಗಿಲಾಚೆ. ಅಪ್ಪ ನನ್ನ ರಟ್ಟೆ ಹಿಡಿದು ಅಲ್ಲಿಗೇ ನಡೆದ.