ಹಬ್ಬವಲ್ಲದ ಎಳ್ಳುಂಡಿ

ಕೆಳಗಿನ ಫ್ಲ್ಯಾಟಿನವರು ಎಳ್ಳು ಹುರಿಯುತ್ತ ಫೋನಿನಲ್ಲಿ ಮೈಮರೆತಿರಬೇಕು, ಸೀದ ವಾಸನೆ ನಮ್ಮ ಅಡುಗೆಮನೆಗೂ ಬಂತು. ಸಂಕ್ರಾಂತಿಯ ಮುಂಜಾನೆ. ಆ ವಾಸನೆಗೆ ಅಕ್ಕೋರು ನೆನಪಾದರು. ಅವರೂ ಎಳ್ಳು ಸೀಯಿಸುತ್ತಿದ್ದರು, ಪ್ರತಿ ವರ್ಷ, ತಪ್ಪದೆ...

ಅವರು ಧಾರವಾಡದವರು, ನಾವು ಬೆಳಗಾವಿ ಕಡೆಯವರು. ಪುಣೆಯ ಹಳೆಯ ಚಾಳಿನ ವಠಾರದಲ್ಲಿ ಎದುರುಬದುರು ಬಾಗಿಲು, ಅಷ್ಟೇ ನಂಟು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು, ಅದಕ್ಕೇ ನಮಗೆ ಅಕ್ಕೋರು; ಮನೆಯಲ್ಲಿ ಒಬ್ಬರೇ. ಇಡೀ ಚಾಳನ್ನು ಮರಾಠಿಯಲ್ಲಿ ಗದರುತ್ತಿದ್ದವರು ನಮ್ಮ ಹೊಸ್ತಿಲು ದಾಟಿದರೆ ಮಾತ್ರ ಕನ್ನಡದಲ್ಲಿ ಗದರುತ್ತಿದ್ದರು.

ನಾನು ಹನ್ನೆರಡನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅವ್ವ ಅಳಲಿಲ್ಲ. ಮಾತು ನಿಲ್ಲಿಸಿದಳು, ಊಟ ಎರಡು ತುತ್ತಿಗೆ ಇಳಿಯಿತು, ದಿನದಿನಕ್ಕೆ ಸೊರಗಿದಳು. ಇವಳೂ ನನ್ನ ಕೈಬಿಟ್ಟು ಹೋಗುತ್ತಾಳೆ ಎಂಬ ಹೆದರಿಕೆಯಲ್ಲಿ ನಾನು ಪುಸ್ತಕ ತೆರೆದಿಟ್ಟುಕೊಂಡು ಅವಳ ಮುಖವನ್ನೇ ನೋಡುತ್ತ ಕೂರುತ್ತಿದ್ದೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ತಂದವರನ್ನೆಲ್ಲ ಅವ್ವ ಬಾಗಿಲಲ್ಲೇ ಕೈಮುಗಿದು ತಿರುಗಿ ಕಳಿಸಿದಳು.

ಸಂಜೆ ಅಕ್ಕೋರು ತಾಟು ಹಿಡಿದು ಬಂದರು. ಎಳ್ಳುಂಡಿಗಳೇ, ಆದರೆ ಎಂಥವು! ದೊಡ್ಡ ಉಂಡಿಗೆ ಕಡ್ಡಿ ಚುಚ್ಚಿ, ಕಡ್ಡಿಯ ತುದಿಗೆ ಸಣ್ಣ ಉಂಡಿ. ಬಿಸಿ ಆರುವ ಮೊದಲೇ ಚುಚ್ಚಲು ಹೋಗಿ ಬೆರಳು ಸುಟ್ಟುಕೊಂಡಿದ್ದರು.

"ಹಬ್ಬ ಅಲ್ರಿ ಇದು, ಪಾಠ. ಹುಡುಗೀದು ಪರೀಕ್ಷಾ ಹತ್ರ ಬಂತು," ಎಂದವರೇ ನೆಲದ ಮೇಲೆ ಕೂತರು. ಪಾಠವನ್ನು ಬೇಡ ಎನ್ನಲು ಅವ್ವನಿಗೆ ಯಾವ ಶಾಸ್ತ್ರವೂ ಸಿಗಲಿಲ್ಲ.

ನೀರಿನ ಅಣು ಮಾಡು ಎಂದರು. ದೊಡ್ಡ ಉಂಡಿಯ ಎಡಕ್ಕೊಂದು, ಬಲಕ್ಕೊಂದು ಸಣ್ಣದನ್ನು ಚುಚ್ಚಿ, ನೆಟ್ಟಗೆ ಇಟ್ಟೆ. ಬೈಸಿಕೊಂಡೆ. ಅಕ್ಕೋರು ಎರಡೂ ಕಡ್ಡಿ ಕಿತ್ತು ಕೆಳಗೆ ಬಾಗಿಸಿ ಚುಚ್ಚಿದರು.

"ಯಾಕ ಬಾಗ್ತದರಿ ಅದು?"

ಕೇಳಿದವಳು ಗೋಡೆಗೆ ಒರಗಿದ್ದ ಅವ್ವ. ಎಷ್ಟೋ ದಿನಗಳ ಮೇಲೆ ತಾನಾಗಿ ಆಡಿದ ಮಾತು.

"ನಡುವಿನ ಆಕ್ಸಿಜನ್ ಮ್ಯಾಲೆ ಕಣ್ಣಿಗೆ ಕಾಣದ ಎರಡು ಜೋಡಿ ಎಲೆಕ್ಟ್ರಾನ್ ಕೂತಿರ್ತಾವ್ರಿ. ಅವು ದೂಡ್ತಾವ, ಇವು ಬಾಗ್ತಾವ. ಬಾಗಿದ್ದಕ್ಕ ಒಂದು ಮಗ್ಗಲ ಧನ, ಒಂದು ಮಗ್ಗಲ ಋಣ. ಆಗ ಬಾಜೂಕಿನ ಅಣು ಬಂದು ಹಿಡಕೋತದ." ಇನ್ನೊಂದು ಅಣುವನ್ನು ಮಗ್ಗುಲಿಗೆ ಸರಿಸಿದರು.

"ನಡುವ ಕಡ್ಡಿ ಇಲ್ಲಲ್ರಿ?"

"ಇಲ್ರಿ. ಬಂಧ ಅಲ್ಲ ಅದು, ಬರೇ ಸೆಳೆತ. ಕಡ್ಡಿಯಷ್ಟು ಗಟ್ಟಿ ಅಲ್ಲ. ಆದ್ರ ಅದಿಲ್ಲಂದ್ರ ಈ ತಂಬಿಗ್ಯಾಗ ನೀರು ನಿಲ್ತಿರಲಿಲ್ಲ, ಎಲ್ಲಾ ಆವಿ ಆಗಿ ಹೋಗ್ತಿತ್ತು."

ಅವ್ವ ತಾಟನ್ನೇ ನೋಡುತ್ತ ಕೂತಳು... ಅಕ್ಕೋರು ಒಂದು ಹೈಡ್ರೋಜನ್ ಉಂಡಿ ಕಿತ್ತು ಅವಳ ಕೈಯಲ್ಲಿಟ್ಟರು. "ಪಾಠ ಮುಗೀತು. ಚೆಲ್ಲೂದು ಬ್ಯಾಡ, ತಿನ್ರಿ."

ಅವ್ವ ಬಾಯಿಗೆ ಹಾಕಿಕೊಂಡಳು. "ಎಳ್ಳು ಸೀದಾವ್ರಿ," ಎಂದವಳು ಅಕ್ಕೋರ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆ ರಾತ್ರಿ ಜೋಳದ ರೊಟ್ಟಿ ಪೂರ್ತಿ ತಿಂದಳು. ನನಗೆ ಅವ್ವ ತಿರುಗಿ ಸಿಕ್ಕಿದ್ದಳು.

ಅಕ್ಕೋರು ಈ ಸಲದ ದೀಪಾವಳಿ ಕಳೆದ ಮೇಲೆ ತೀರಿಹೋದರು. ದೂರದ ಸಂಬಂಧಿಯೊಬ್ಬ ಬಂದು ಕ್ರಿಯೆ ಮುಗಿಸಿ ಹೋದ. ಬೈಯುವವರಿಲ್ಲದ ಊರು ನನಗೆ ಭಾಳ ಖಾಲಿ ಅನ್ನಿಸುತ್ತದೆ. ಇಂದು ಹಬ್ಬಕ್ಕೆಂದು ನಾನೂ ಎಳ್ಳಿನ ಡಬ್ಬಿ ತೆಗೆದೆ. ಅವ್ವ ಬಂದು ಮೆಲ್ಲಗೆ ಮುಚ್ಚಳ ಹಾಕಿದಳು.

"ಅವ್ವಾ, ನಮಗ ವರ್ಷದ ಸೂತಕ ಬರೂದಿಲ್ಲ. ಅವರು ನಮ್ಮ ಪೈಕಿ ಅಲ್ಲಲ್ಲ," ಎಂದೆ.

"ಬರೂದಿಲ್ಲಂತ ನನಗೂ ಗೊತ್ತದ," ಎಂದಳು ಅವ್ವ. "ನಾ ಹಿಡೀತೀನಿ."